ಜೋಡಿಸದ ಕೇಬಲ್

ಆ ಬೆಳಿಗ್ಗೆ ಹೇರೂರಿನಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಗುಡ್ಡದ ಮೇಲಿನ ನೀರಿನ ಟ್ಯಾಂಕೇ ಕಾಣುತ್ತಿರಲಿಲ್ಲ. ಅದರ ಸೆನ್ಸರಿನಿಂದ ಸೀತಾರಾಮ ಹೆಗಡೆಯವರ ಜಗಲಿಯ ಮೀಟರಿಗೆ ನಾನು ಡೇಟಾ ಕೇಬಲ್ ಎಳೆದಿದ್ದೆ.

"ನೀರು ಯಾರು ಕದೀತ ನೋಡನ ಮಾರಾಯಾ," ಎಂದರು ಅವರು.

ಕೇಬಲಿನ ತುದಿ ಇನ್ನೂ ನನ್ನ ಕೈಯಲ್ಲೇ ಇತ್ತು. ಆದರೂ ಮೀಟರಿನಲ್ಲಿ ನೀರಿನ ಮಟ್ಟ ಮೂಡಿತು: ಶೇಕಡಾ ತೊಂಬತ್ತು. ಹತ್ತಿರದಲ್ಲೇ ಎಲ್ಲೋ ಕೊಡ ಮುಳುಗಿಸಿದ ಸದ್ದಾಯಿತು, ಎಂಬತ್ತೊಂಬತ್ತು. ಮತ್ತದೇ ಸದ್ದು, ಎಂಬತ್ತೆಂಟು. ತಾಮ್ರದ ಎಳೆಗಳು ಬೆರಳಿಗೆ ಒದ್ದೆಯಾಗಿ, ತಣ್ಣಗೆ ತಗುಲಿದವು. ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಂಡೆ.

"ವೈರು ಇನ್ನೂ ಸಿಕ್ಸಿದ್ದಿಲ್ಲೆ ಅಲ್ದಾ?"

"ಇಲ್ಲ ಹೆಗಡೇರೇ."

ಅವರು ತಮ್ಮ ಎದೆ ಮುಟ್ಟಿಕೊಂಡು ಹೇಳಿದರು: "ಟ್ಯಾಂಕಿಗೆ ನೀರು ಬಪ್ಪ ಆ ಒರತೆ ತೋಡಿದ್ದು ಬೈರ. ಅರ್ಧ ನೀರು ಅವನ ಮನೆಗೆ ಹೇಳಿ ಮಾತು ಕೊಟ್ಟಿದ್ದಿ. ಅಂವ ಸತ್ತಮೇಲೆ ಈ ಕೈಯಿಂದ್ಲೇ ಆನೇ ಬಂದ್ ಮಾಡಿದ್ದಿ."

ಮತ್ತೆ ಕೊಡ ಮುಳುಗಿತು. ಹೆಗಡೆಯವರು ಅಂಗಳಕ್ಕಿಳಿದು, ಬೈರನ ಹೆಂಡತಿಯ ಮನೆಗೆ ಹೋಗುವ ಪೈಪಿನ ವಾಲ್ವನ್ನು ತೆರೆದರು.