ಹದಿನೇಳನೇ ಬಿಲ್ಲೆ

ಗಣಿಗಿಳಿಯುವವರು ತಮ್ಮ ಹಿತ್ತಾಳೆ ಬಿಲ್ಲೆಯನ್ನು ಗಣಿಬಾಯಿಯ ಹಲಗೆಗೆ ತೂಗುಹಾಕಿ, ಮೇಲೆ ಬಂದಾಗ ತೆಗೆದುಕೊಳ್ಳಬೇಕಿತ್ತು. ಆ ಹಲಗೆ ಕಾಯುತ್ತಿದ್ದವನು ನಾನು; ನನಗೂ ಗಣಿಯ ಧಣಿಗೂ ಒಂದೊಂದು ಬಿಲ್ಲೆ ಇತ್ತು. ಒಳಗೆ ಬೆಂಕಿ ಹೊತ್ತಿಕೊಂಡ ದಿನ ಹದಿನೇಳನೇ ಬಿಲ್ಲೆ ಇನ್ನೂ ನೇತಾಡುತ್ತಿತ್ತು.

"ತಗೊಂಡು ಹೋಗೋದು ಮರೆತಿರ್ತಾನೆ ಬಿಡೋ, ಗಣಿಬಾಯಿ ಮುಚ್ಸು," ಎಂದರು ಧಣಿ.

ಬಿಲ್ಲೆಯನ್ನು ಜೇಬಿಗಿಳಿಸಿ, "ಎಲ್ರೂ ಮೇಲೆ ಬಂದಾಯ್ತು," ಎಂದು ಕೂಗಿದೆ. ಗಣಿಬಾಯಿಗೆ ಸಿಮೆಂಟು ಹಾಕಿ ಮುಚ್ಚಿದರು.

ಉಳಿದ ಗಣಿಗಳ ಚಿನ್ನದಿಂದ ಧಣಿ ಅರಮನೆ ಕಟ್ಟಿಸಿದರು. ಚಿನ್ನ ಮುಗಿದಾಗ ಎಲ್ಲವೂ ಹರಾಜಾಗಿ, ಗಣಿಯ ಹಳೇ ಆಫೀಸೇ ಅವರಿಗೆ ಮನೆಯಾಯಿತು. ನನ್ನ ಹತ್ತಿರವಿದ್ದ ಆ ಬಿಲ್ಲೆ ಮಾತ್ರ ಇಪ್ಪತ್ತು ವರ್ಷವೂ ಬೆಚ್ಚಗೇ ಇತ್ತು.

ಮೊನ್ನೆ ಬೆಳಿಗ್ಗೆ, ತಡೆಯಲಾರದೆ, ಅದನ್ನು ಹಳೇ ಹಲಗೆಯ ಅದೇ ಮೊಳೆಗೆ ತೂಗುಹಾಕಿದೆ. ಮಧ್ಯಾಹ್ನ ಹೋಗಿ ನೋಡಿದರೆ ಹದಿನೇಳು ಇರಲಿಲ್ಲ. ಅದರ ಜಾಗದಲ್ಲಿ ಧಣಿಯ ಒಂದನೇ ನಂಬರಿನ ಬಿಲ್ಲೆ ನೇತಾಡುತ್ತಿತ್ತು. ಗಣಿಬಾಯಿಯ ಸಿಮೆಂಟು ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಧಣಿ ಇನ್ನೂ ಸಿಕ್ಕಿಲ್ಲ.

ಇವತ್ತು ಬೆಳಿಗ್ಗೆಯಿಂದ ನನ್ನದೇ ಬಿಲ್ಲೆ ಬೆಚ್ಚಗಾಗಿದೆ.