ವಾರ್ತೆಗೆ ಮುಂಚಿನ ಕಾಫಿ

ಬೆಳಗಿನ ವಾರ್ತೆಯ ನಡುವೆ ವಾಚಕಿಯ ನಾಲಿಗೆ ತೊದಲಿತು. ಓದಿದ ವಾಕ್ಯವನ್ನೇ ಮತ್ತೆ ಓದಿದಳು. ಮತ್ತೊಮ್ಮೆ ಶುರುಮಾಡಿ ನಿಲ್ಲಿಸಿದಳು. ಆಮೇಲೆ ಮೈಕಿಗೆ ಹಣೆ ಬಡಿದ ಸದ್ದು. ಅಡುಗೆಮನೆಗಳಲ್ಲಿ, ಕಾರುಗಳಲ್ಲಿ, ಕ್ಷೌರದಂಗಡಿಗಳಲ್ಲಿ ರೇಡಿಯೊ ಹಾಕಿಕೊಂಡಿದ್ದವರೆಲ್ಲ ಅದನ್ನು ಕೇಳಿದರು.

ಇನ್ಸ್‌ಪೆಕ್ಟರ್ ಬಾನುಲಿ ಕೇಂದ್ರಕ್ಕೆ ಬರುವಷ್ಟರಲ್ಲಿ ಆಂಬುಲೆನ್ಸ್ ಹೊರಟುಹೋಗಿತ್ತು. ಸ್ವಲ್ಪ ಹೊತ್ತಿಗೆ ಆಸ್ಪತ್ರೆಯಿಂದ ಫೋನ್ ಬಂತು. ನಿದ್ದೆ ಮಾತ್ರೆ. ಅಳತೆ ಮೀರಿದ್ದು. ಉಸಿರಿದೆ, ಎಚ್ಚರವಿಲ್ಲ.

"ಬೆಳಗ್ಗೆ ಏನು ತಿಂದಿದ್ರು?" ಇನ್ಸ್‌ಪೆಕ್ಟರ್ ಕೇಳಿದರು.

"ಏನೂ ಇಲ್ಲ ಮೇಡಂ. ಕಾಫಿ ಒಂದೇ," ಎಂದ ವಾಚಕಿಯ ಗಂಡ. ಅವನೂ ಅಲ್ಲಿಯೇ ಧ್ವನಿ ತಂತ್ರಜ್ಞ. ಕಣ್ಣು ಕೆಂಪಾಗಿದ್ದವು. "ಮನೇಲಿ ನಾನೇ ಅವಳ ಪಾಡಿಗೆ ಪುಡಿ ತುಂಬಿಕೊಡ್ತೀನಿ. ದಿನಾ. ಇಲ್ಲಿಗೆ ಬಂದ್ಮೇಲೆ ಅದು ಶೆಲ್ಫಲ್ಲಿ ಇರತ್ತೆ. ಯಾರು ಬೇಕಾದ್ರೂ ಮುಟ್ಟಬಹುದು."

ಊಟದ ಕೋಣೆಯಲ್ಲಿ ಕಾಫಿ ಯಂತ್ರವಿತ್ತು. ಸಲಕ್ಕೆ ಒಂದೇ ಕಪ್ ಇಳಿಸುವಂಥದು. ಪುಡಿ ಹಾಕಲು ಹೆಬ್ಬೆರಳಿನಷ್ಟೆತ್ತರದ ಸ್ಟೀಲ್ ಪಾಡ್, ತಳದಲ್ಲಿ ಸಣ್ಣ ಜಾಲರಿ. ಬಳಸಿ ಎಸೆಯುವುದಲ್ಲ, ತೊಳೆದು ಮತ್ತೆ ತುಂಬುವುದು. ಎಲ್ಲರಿಗೂ ಅವರವರದೇ ಪಾಡ್. ವಾಚಕಿಯದು ಇನ್ನೂ ಯಂತ್ರದೊಳಗೇ ಇತ್ತು. ಅದರ ಒದ್ದೆ ಚರಟದಲ್ಲಿ ಮಾತ್ರೆಯ ಬಿಳಿ ಚೂರುಗಳು.

ಪೇದೆ ಇನ್ನೊಂದು ಪಾಡ್ ಹಿಡಿದು ಓಡಿಬಂದ. "ಮೇಡಂ, ದೊಡ್ಡಮ್ಮನ ಡ್ರಾಯರಲ್ಲಿ ಸಿಕ್ತು. ಇದರ ಕಾಫಿ ಪುಡೀಲೂ ಬಿಳಿ ಚೂರು!"

* * *

ದೊಡ್ಡಮ್ಮ ಎಂದರೆ ಹಿರಿಯ ವಾಚಕಿ. ಎಲ್ಲರೂ ಹಾಗೇ ಕರೆಯುತ್ತಿದ್ದರು. ಬೆಳಗಿನ ವಾರ್ತೆ ಮೊದಲು ಆಕೆಯದಾಗಿತ್ತು. ಈಗ ಮಧ್ಯಾಹ್ನದ ಹವಾಮಾನ ಮಾತ್ರ.

"ಅವಳ ಮೇಲೆ ನಿಮಗೆ ಹೊಟ್ಟೆಕಿಚ್ಚಿತ್ತಂತೆ?"

"ಇತ್ತು ಅಂತ ಯಾಕೆ ಕೇಳ್ತೀರಿ? ಈಗಲೂ ಇದೆ," ದೊಡ್ಡಮ್ಮ ತಲೆಯೆತ್ತಿಯೇ ಹೇಳಿದರು. "ಎಲ್ಲಿ ಉಸಿರು ತಗೋಬೇಕು ಅಂತ ಹೇಳಿಕೊಟ್ಟವಳೇ ನಾನು. ನನಗಿಂತ ಚೆನ್ನಾಗಿ ಓದ್ತಾಳೆ, ಕಳ್ಳಿ. ಕೇಳಿದಾಗೆಲ್ಲ ಹೊಟ್ಟೆ ಉರಿಯುತ್ತೆ. ಆದ್ರೂ ಒಂದು ದಿನ ತಪ್ಪದೆ ಕೇಳ್ತೀನಿ."

"ಈ ಪಾಡ್ ನಿಮ್ಮದೇ?"

"ನಂದೇ. ಅದರೊಳಗಿನ ಪುಡಿ ನಂದಲ್ಲ."

ಇನ್ಸ್‌ಪೆಕ್ಟರ್ ಪಾಡನ್ನು ಬೆಳಕಿಗೆ ಹಿಡಿದರು. ಹಳೆಯದು, ತಿಕ್ಕಿ ತಿಕ್ಕಿ ಜಾಲರಿ ಸಡಿಲವಾಗಿತ್ತು. ಆಮೇಲೆ ದೊಡ್ಡಮ್ಮನ ಕಾಫಿ ಡಬ್ಬಿ ತೆರೆದು ಚಿಟಿಕೆ ಪುಡಿಯನ್ನು ಬೆರಳಲ್ಲಿ ಉಜ್ಜಿದರು. ರವೆಯಂತೆ ತರಿತರಿ.

"ಓದುವಾಗ ಯಾರಾದ್ರೂ ತಡವರಿಸಿದ್ರೆ ಏನು ಮಾಡ್ತೀರಿ?"

"ನಾವೇನು ಮಾಡೋದು? ಗಾಜಿನ ಆಚೆ ಕೂತ ತಂತ್ರಜ್ಞ ಮೈಕ್ ಆರಿಸಿ ಸಂಗೀತ ಹಾಕ್ತಾನೆ. ನನಗೆ ಬರೀ ಕೆಮ್ಮು ಬಂದಾಗಲೂ ಹಾಕಿದ್ದ, ಪುಣ್ಯಾತ್ಮ."

ಇನ್ಸ್‌ಪೆಕ್ಟರ್ ಬೆಳಗಿನ ಧ್ವನಿಮುದ್ರಣ ತರಿಸಿ, ಕಣ್ಣುಮುಚ್ಚಿ ಕೇಳಿದರು. ಇನ್ನೊಮ್ಮೆ ಕೇಳಿದರು.

* * *

ಎಲ್ಲರನ್ನೂ ಊಟದ ಕೋಣೆಗೆ ಕರೆಸಿದರು. ಗಂಡ ತನ್ನ ಕಾಫಿಗೆಂದು ಚೀಲದಲ್ಲಿ ತರುತ್ತಿದ್ದ ಮನೆಯ ಪುಡಿ ಡಬ್ಬಿ ತೆಗೆಸಿದರು. ದೊಡ್ಡಮ್ಮನ ಪಾಡಿನಲ್ಲಿದ್ದ ಪುಡಿಯನ್ನು ಸಾಕ್ಷಿಗೆಂದು ತೆಗೆದಿರಿಸಿ, ಪಾಡ್ ತೊಳೆಸಿ, ಆ ಡಬ್ಬಿಯ ಪುಡಿ ತುಂಬಿ ಯಂತ್ರದ ಗುಂಡಿ ಒತ್ತಿದರು. ಕಪ್ಪಿಗೆ ಇಳಿದದ್ದು ಕೆಸರು.

"ಈ ಪಾಡಿಗೆ ತರಿ ಪುಡಿಯೇ ಆಗಬೇಕು. ಡ್ರಾಯರಲ್ಲಿ ಸಿಕ್ಕಿದ್ದು ನಿಮ್ಮ ಮನೆ ಪುಡಿ, ಹಿಟ್ಟಿನ ಹಾಗೆ ನುಣ್ಣಗೆ," ಎಂದರು ಗಂಡನಿಗೆ. "ಅದೂ ಒಣಗಿದ್ದು. ನೀರೇ ತಾಗಿಲ್ಲ. ಕುಡಿಸೋಕೆ ತುಂಬಿದ್ದಲ್ಲ ಅದು, ಪೊಲೀಸರಿಗೆ ಸಿಗಲಿ ಅಂತ ತುಂಬಿದ್ದು."

"ಆ ಪುಡಿ ಯಾರಾದ್ರೂ ಕದ್ದಿರಬಹುದು ಮೇಡಂ."

"ಇರಬಹುದು ಅಂದುಕೊಂಡೆ. ಆದ್ರೆ ಮುದ್ರಣ ಕೇಳಿದೆ. ನಿಮ್ಮ ಹೆಂಡತಿ ತೊದಲೋಕೆ ಶುರುಮಾಡಿ ಬೀಳೋವರೆಗೂ ಮೈಕ್ ಆರಿಸೋಕೆ ಬೇಕಾದಷ್ಟು ಹೊತ್ತಿತ್ತು. ಗಾಜಿನ ಆಚೆ ನೀವೇ ಇದ್ರಿ. ದೊಡ್ಡಮ್ಮನ ಕೆಮ್ಮಿಗೆ ಒತ್ತಿದ ಗುಂಡಿ, ಕಟ್ಟಿಕೊಂಡವಳಿಗೆ ಯಾಕೆ ಒತ್ತಲಿಲ್ಲ?"

ಅವನು ಕುರ್ಚಿಯಲ್ಲಿ ಕುಸಿದ.

"ವಾರ್ತೆ ಓದೋ ಕೆಲಸಕ್ಕೆ ನಾನು ಧ್ವನಿ ಪರೀಕ್ಷೆ ಕೊಡೋಕೆ ಬಂದಾಗ ನಾನೇ ಅವಳನ್ನ ಕರ್ಕೊಂಡು ಬಂದಿದ್ದು, ಜೊತೆಗಿರಲಿ ಅಂತ. ಅವಳನ್ನ ಮೈಕ್ ಮುಂದೆ ಕೂರಿಸಿದ್ರು, ನನ್ನನ್ನ ಗಾಜಿನ ಆಚೆ. ಅಂಗಡೀಲಿ ಅವಳು ಬಾಯಿ ತೆಗೆದ್ರೆ ಸಾಕು, ಜನ ತಿರುಗಿ ನೋಡ್ತಾರೆ. ನನ್ನ ಕಡೆ ಕೈ ತೋರಿಸಿ 'ಇವರು ಯಾರು?' ಅಂತಾರೆ." ಅವನು ಇನ್ಸ್‌ಪೆಕ್ಟರ್ ಕಡೆ ತಿರುಗಿದ. "ಸಾಯಲಿ ಅಂತ ಅಲ್ಲ ಮೇಡಂ. ಒಂದೇ ಒಂದು ದಿನ ತಡವರಿಸಲಿ, ಊರೆಲ್ಲ ಕೇಳಲಿ ಅಂತ..."

"ನನ್ನ ತಲೆಗೆ ಯಾಕಪ್ಪಾ ಕಟ್ಟಿದೆ?" ದೊಡ್ಡಮ್ಮ ಕೇಳಿದರು.

"ನಿಮ್ಮ ಹೊಟ್ಟೆಕಿಚ್ಚು ಎಲ್ಲರಿಗೂ ಗೊತ್ತಿತ್ತಲ್ಲ."

"ಗೊತ್ತಿತ್ತು. ನಾನೇ ಹೇಳಿಕೊಂಡು ತಿರುಗ್ತಿದ್ದೆ. ನೀನೂ ಯಾರ ಹತ್ತಿರವಾದ್ರೂ ಹೇಳಿಕೊಂಡಿದ್ರೆ ಆಗ್ತಿತ್ತು."

ಪೇದೆ ಅವನ ತೋಳು ಹಿಡಿದು ಎಬ್ಬಿಸಿದ.

* * *

ಸಂಜೆ ವಾಚಕಿಗೆ ಎಚ್ಚರವಾಯಿತು. ಹಣೆಗೆ ಪಟ್ಟಿ, ತುಟಿ ಒಣಗಿತ್ತು. ಹಾಸಿಗೆಯ ಪಕ್ಕ ಇನ್ಸ್‌ಪೆಕ್ಟರರನ್ನು ಕಂಡು ಗಾಬರಿಯಾದಳು.

"ಕಾಫೀಲಿ ಏನೋ ಇತ್ತಂತೆ, ನರ್ಸ್ ಹೇಳಿದ್ರು," ಎಂದಳು. ಆ ಹೆಸರಾಂತ ಧ್ವನಿ ಈಗ ಪಿಸುಮಾತು. "ನಮ್ಮನೆಯವರಿಗೆ ಏನೂ ಆಗಿಲ್ಲ ತಾನೇ? ಅವರೂ ಅದೇ ಡಬ್ಬಿಯ ಪುಡೀನೇ ಕುಡಿಯೋದು. ಬೇಗ ಯಾರನ್ನಾದ್ರೂ ಕಳಿಸಿ ಮೇಡಂ, ಅವರು ಕುಡಿಯದ ಹಾಗೆ ನೋಡ್ಕೊಳ್ಳಿ."

ಇನ್ಸ್‌ಪೆಕ್ಟರ್ ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡರು. "ಅವರು ಕುಡಿದಿಲ್ಲಮ್ಮ," ಎಂದು ಅವಳ ಕೈ ಹಿಡಿದುಕೊಂಡರು.