ಕತ್ತರಿಸಿದ ಲಂಗರು

ದಡದ ಬ್ರೆಡ್ ಅಂಗಡಿಯ ಸಾಲಿನಲ್ಲಿ ಬಿಸಿ ಬ್ರೆಡ್ ಕೈಗೆ ಬಂದ ಕ್ಷಣದಲ್ಲೇ ಮಾಯೆಲ್ ತನ್ನ ಹಾಯಿದೋಣಿ ಕೊಲ್ಲಿಯ ಬಾಯಿಯತ್ತ ತೇಲಿ ಹೋಗುತ್ತಿರುವುದನ್ನು ಕಂಡಳು. ದೋಣಿಯಲ್ಲಿ ಯಾರೂ ಇರಲಿಲ್ಲ. ಅದರಾಚೆ ಹವಳದ ಬಂಡೆಗಳಿದ್ದವು.

ಆಕೆ ಕೂಗಲಿಲ್ಲ. ಬ್ರೆಡ್ಡನ್ನು ಹಿಂದೆ ನಿಂತವರ ಕೈಗೆ ತುರುಕಿ ತನ್ನ ಪುಟ್ಟ ಹುಟ್ಟುದೋಣಿಯತ್ತ ಓಡಿದಳು. ಅರವತ್ತು ದಾಟಿದ ಫ್ರೆಂಚ್ ಹೆಂಗಸು. ತೇಲಿ ಹೋಗುತ್ತಿದ್ದ ಆ ಹಾಯಿದೋಣಿಯೇ ಅವಳ ಮನೆ. ಬೇರೆ ಮನೆಯಿಲ್ಲ.

ಹಿಂದೆ ನಿಂತಿದ್ದವಳು ಸಾರ್ಜೆಂಟ್ ಎಲ್ಡ್ರಾ ಮೆಕ್‌ಲಾರೆನ್. ಕೆರಿಬಿಯನ್ ಸಮುದ್ರದ ಕ್ಯಾರಿಯಾಕೂ ದ್ವೀಪದ ಈ ತುದಿಗೆಲ್ಲ ಅವಳೊಬ್ಬಳೇ ಪೊಲೀಸು. ಅವಳು ಸೀಟಿ ಊದುವ ಮೊದಲೇ ಊರು ನೀರಿಗಿಳಿದಿತ್ತು. ಎಲ್ಲರಿಗಿಂತ ಮುಂದೆ ಮೀನುಗಾರ ಕೆನ್ರಿಕ್.

ದೋಣಿ ಬಂಡೆಗೆ ಎರಡು ಸಲ ಬಡಿಯಿತು. ಪಕ್ಕದ ಹಲಗೆ ಸೀಳಿತು. ಮೂರನೇ ಅಲೆ ಬರುವಷ್ಟರಲ್ಲಿ ಊರವರು ಅದನ್ನು ಎಳೆದುಕೊಂಡಿದ್ದರು.

*

ಕೆನ್ರಿಕ್ ಮುಳುಗಿ ಲಂಗರನ್ನು ಮೇಲೆತ್ತಿ ತಂದ. ಲಂಗರಿಗೆ ಗಿಡ್ಡ ಸರಪಳಿ. ಸರಪಳಿಯ ತುದಿಗೆ ಗೇಣುದ್ದದ ಹಗ್ಗ.

"ಬಂಡೆಗೆ ಉಜ್ಜಿ ಹರಿದಿರಬೇಕು ಅಕ್ಕಾ," ಎಂದ.

ಎಲ್ಡ್ರಾ ಹಗ್ಗವನ್ನು ತಿರುಗಿಸಿ ನೋಡಿದಳು. ಉಜ್ಜಿ ಹರಿದ ಹಗ್ಗ ಜೂಲುಜೂಲಾಗಿರುತ್ತದೆ. ಇದರ ತುದಿ ನೀಟಾಗಿತ್ತು.

"ಚಾಕು," ಎಂದಳು. "ಗೇಣುದ್ದವೇ ಉಳಿದಿದೆ ಅಂದ್ರೆ ತಳಕ್ಕೆ ಹೋಗಿ ಕೊಯ್ದಿದ್ದಾರೆ. ಕೆಳಗೆ ಹೇಗಿದೆ ಜಾಗ?"

"ಕಾಲಿಡೋ ಹಾಗಿಲ್ಲ. ತಳದ ತುಂಬ ಕರಿಮುಳ್ಳಿನ ಕಡಲಜೀವಿಗಳು, ಉಂಡೆ ಉಂಡೆಯಾಗಿ. ನಾನು ತಲೆಕೆಳಗಾಗಿ ತೇಲ್ಕೊಂಡೇ ಬಿಚ್ಚಿದೆ."

ಸುತ್ತ ನಿಂತವರು ಮುಖ ಮುಖ ನೋಡಿಕೊಂಡರು. ಮೊನ್ನೆಯಷ್ಟೇ ಕೆನ್ರಿಕ್ ಮಾಯೆಲ್ ಜೊತೆ ಜಗಳವಾಡಿದ್ದ. ಅವಳ ಲಂಗರು ನೀರಡಿಯ ತನ್ನ ಮೀನು ಹಿಡಿಯುವ ಬುಟ್ಟಿಗಳ ಮೇಲೆ ಬಿದ್ದಿದೆ, ಹಗ್ಗ ಕೊಯ್ದುಬಿಡ್ತೀನಿ ಎಂದದ್ದನ್ನು ಇಡೀ ಜೆಟ್ಟಿ ಕೇಳಿತ್ತು.

"ಕೊಯ್ದವನೂ ಇವನೇ, ತಂದವನೂ ಇವನೇ," ಯಾರೋ ಗೊಣಗಿದರು.

ಅಷ್ಟರಲ್ಲಿ ರುಪರ್ಟ್ ಹ್ಯಾಲೋ ಕುಂಟುತ್ತಾ ಬಂದ. ಒಬ್ಬನೇ ಅಟ್ಲಾಂಟಿಕ್ ದಾಟಿ ಬಂದವನೆಂದು ಊರೆಲ್ಲ ಹೊಗಳುತ್ತಿದ್ದ ಇಂಗ್ಲಿಷ್ ನಾವಿಕ. ನಾಡಿದ್ದಿನ ಹಾಯಿದೋಣಿ ಪಂದ್ಯಕ್ಕೆ ಅವನೇ ಮುಖ್ಯ ಅತಿಥಿ.

"ಹೇಳಬಾರದು ಅಂತಿದ್ದೆ ಸಾರ್ಜೆಂಟ್. ಬೆಳಿಗ್ಗೆ ಮಾಯೆಲ್ ದಡಕ್ಕೆ ಹೋದ ಮೇಲೆ ಈ ಕೆನ್ರಿಕ್ ಅವಳ ದೋಣಿ ಹತ್ತಿರ ಈಜ್ತಿದ್ದ. ಕಣ್ಣಾರೆ ನೋಡಿದೆ."

"ನಿಮ್ಮ ಕಾಲಿಗೇನಾಯ್ತು?"

"ನಿನ್ನೆ ಉಳುಕಿತು. ಅದಕ್ಕೇ ಇಷ್ಟು ಹೊತ್ತು ನನ್ನ ದೋಣಿ ಬಿಟ್ಟು ಇಳಿದಿರಲಿಲ್ಲ. ಇಲ್ಲದಿದ್ರೆ ಎಳೆಯೋಕೆ ನಾನೂ ಬರ್ತಿದ್ದೆ."

*

ಎಲ್ಡ್ರಾ ಜೆಟ್ಟಿಯ ತುದಿಯಲ್ಲಿ ನಿಂತು ನೀರು ನೋಡಿದಳು. ಗಾಳಿ ಎಂದಿನಂತೆ ಪೂರ್ವದಿಂದ. ಮಾಯೆಲ್ ದೋಣಿ ನಿಂತಿದ್ದ ಜಾಗದ ನೇರ ಪಶ್ಚಿಮಕ್ಕೆ ಕೆನ್ರಿಕ್‌ನ ಹೊಸ ದೋಣಿ ನಿಂತಿತ್ತು. ತಾನೇ ಹಲಗೆ ಕೂಡಿಸಿ ಕಟ್ಟಿ, ತಾಯಿಯ ಹೆಸರಿಟ್ಟು, ಪಂದ್ಯಕ್ಕೆಂದು ಬಣ್ಣ ಬಳಿದ ದೋಣಿ. ಹಗ್ಗ ಕೊಯ್ದರೆ ಮಾಯೆಲ್ ದೋಣಿ ಮೊದಲು ಹೋಗಿ ಗುದ್ದಬೇಕಾದದ್ದು ಅದಕ್ಕೇ. ಕೂದಲೆಳೆಯಲ್ಲಿ ತಪ್ಪಿತ್ತು. ಕೆನ್ರಿಕ್ ಸಿಟ್ಟಿನವನು ನಿಜ. ಆದರೆ ಆ ದೋಣಿಯ ಮೇಲೆ ಹಕ್ಕಿ ಕೂತರೂ ಸಹಿಸದವನು.

ಅಲ್ಲಿಂದ ಅವಳು ಜೆಟ್ಟಿಗೆ ಎದುರಿದ್ದ ಲೂಸಿಯಮ್ಮನ ತರಕಾರಿ ಅಂಗಡಿಗೆ ಹೋದಳು.

"ಊರೆಲ್ಲ ದೋಣಿ ಎಳೆಯೋಕೆ ಹೋದಾಗ ಯಾರಾದ್ರೂ ಬಂದಿದ್ರಾ?"

"ನಿನ್ನ ಮುಖ್ಯ ಅತಿಥಿ ಬಂದಿದ್ದ ಮಗಳೇ. ಒಂದು ಚೀಲ ನಿಂಬೆಹಣ್ಣು ತಗೊಂಡ. ಗೆಣಸಿಲ್ಲ, ಬಾಳೆಹಣ್ಣಿಲ್ಲ, ಬರೀ ನಿಂಬೆಹಣ್ಣು. ಉಪ್ಪಿನಕಾಯಿ ಹಾಕ್ತೀಯೇನಪ್ಪಾ ಅಂದೆ. ನಗಲಿಲ್ಲ."

ಎಲ್ಡ್ರಾಳೂ ನಗಲಿಲ್ಲ. ಕರಿಮುಳ್ಳು ತುಳಿದವರಿಗೆ ಈ ದ್ವೀಪದಲ್ಲಿ ಇರುವ ಮದ್ದು ಒಂದೇ, ನಿಂಬೆರಸ.

*

ಕಾಡುಬಾದಾಮಿ ಮರದ ಕೆಳಗೆ ಮಾಯೆಲ್ ಒದ್ದೆ ಹಾಸಿಗೆಯನ್ನು ಒಣಗಲು ಹರಡುತ್ತಿದ್ದಳು.

"ಹ್ಯಾಲೋ ನಿಮಗೆ ಮೊದಲೇ ಗೊತ್ತಾ?"

ಮಾಯೆಲ್ ಹಾಸಿಗೆಯ ಮೂಲೆಯೊಂದನ್ನು ಎಳೆದು ಸರಿಪಡಿಸಿದಳು. "ನಾನು ಹೇಳಬೇಕಾ?"

"ಹೇಳದಿದ್ರೆ ಕೆನ್ರಿಕ್ ಮೇಲೆ ಬರುತ್ತೆ."

"ಮಾರ್ಟಿನೀಕ್ ದ್ವೀಪದ ಬಂದರಿನಲ್ಲಿ ಒಂದು ಸರಕು ಹಡಗಿಂದ ಅವರ ದೋಣೀನ ಕ್ರೇನ್‌ನಲ್ಲಿ ಇಳಿಸ್ತಿದ್ರು. ಅವರು ಪಕ್ಕದಲ್ಲೇ ನಿಂತಿದ್ರು. ನಾನು ನೋಡಿದ್ದನ್ನ ಅವರೂ ನೋಡಿದ್ರು."

"ಮತ್ತೆ ನೀವು? ಅಟ್ಲಾಂಟಿಕ್ ದಾಟಿದ್ದು?"

"ಹಾಯಿ ಹಾಕ್ಕೊಂಡು."

"ಒಬ್ಬರೇನಾ?"

"ಜೊತೆಗೆ ಬರೋಕೆ ಯಾರೂ ಇರಲಿಲ್ಲ."

ಎಲ್ಡ್ರಾ ಅವಳ ಕೈಗಳನ್ನು ನೋಡಿದಳು. ಹಗ್ಗ ಎಳೆದೆಳೆದು ಅಂಗೈ ತೊಗಲಿನಂತಾಗಿತ್ತು. ಇಷ್ಟು ದಿನ ಈ ಹೆಂಗಸು ಮೀನುಗಾರರ ಹರಕು ಹಾಯಿ ಹೊಲಿದುಕೊಡುತ್ತಾ ಕೂತಿದ್ದಳು. ಅಟ್ಲಾಂಟಿಕ್ ದಾಟಿದ್ದರ ಬಗ್ಗೆ ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ.

*

ಜೆಟ್ಟಿಯಲ್ಲಿ ಜನ ಇನ್ನೂ ಚದುರಿರಲಿಲ್ಲ. ಹ್ಯಾಲೋ ಅವರ ನಡುವೆ ಕೂತಿದ್ದ.

"ಬೂಟು ಬಿಚ್ಚಿ ಸ್ವಾಮಿ," ಎಂದಳು ಎಲ್ಡ್ರಾ.

"ಏನಂದ್ರಿ?"

"ಉಳುಕಿದ ಕಾಲು ನೋಡೋಣ."

ಅವನು ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಎಲ್ಡ್ರಾ ಮಾತು ಮುಂದುವರಿಸಿದಳು. "ಇಷ್ಟು ಹೊತ್ತು ದೋಣಿ ಬಿಟ್ಟು ಇಳಿದಿರಲಿಲ್ಲ ಅಂದ್ರಿ. ಊರೆಲ್ಲ ದೋಣಿ ಎಳೀತಿದ್ದಾಗ ನಿಂಬೆಹಣ್ಣು ತಗೊಂಡವರು ಯಾರು? ಮೇಲಿಂದ ಕೊಯ್ದರೆ ಯಾರಾದ್ರೂ ನೋಡ್ತಾರೆ ಅಂತ ತಳಕ್ಕಿಳಿದ್ರಿ. ಬಂಡೆಗೆ ಹರೀತು ಅಂತ ಎಲ್ಲರೂ ಅಂದ್ಕೊಳ್ಳಲಿ ಅಂತ. ಆದ್ರೆ ಹಗ್ಗ ಹಿಡಿದು ಕೊಯ್ಯೋಕೆ ಕಾಲೂರಬೇಕಲ್ಲ. ಎಲ್ಲಿ ಊರಬಾರದು ಅಂತ ಈ ಊರಿನ ಕೂಸಿಗೂ ಗೊತ್ತು. ನಿಮಗೆ ಗೊತ್ತಿರಲಿಲ್ಲ."

ಬೂಟು ಕೊನೆಗೂ ಹೊರಬಂತು. ಅಂಗಾಲಿನ ತುಂಬ ಕಪ್ಪು ಚುಕ್ಕೆಗಳು, ಮುರಿದುಳಿದ ಮುಳ್ಳು. ನಿಂಬೆಯ ವಾಸನೆ ಮೂಗಿಗೆ ಬಡಿಯಿತು.

"ಅವಳು ಹೇಳಿಬಿಡ್ತಿದ್ದಳು," ಎಂದ ಹ್ಯಾಲೋ, ತಲೆಯೆತ್ತದೆ. "ಎಲ್ಲರೆದುರು, ಪಂದ್ಯದ ದಿನ, ನಾನು ದಾಟೇ ಇಲ್ಲ ಅಂತ. ದೋಣಿ ಹೋದರೆ ಅವಳೂ ಊರು ಬಿಡ್ತಾಳೆ ಅಂದ್ಕೊಂಡೆ."

ಮಾಯೆಲ್ ಹಿಂದಿನಿಂದ ಬಂದು ನಿಂತಿದ್ದಳು.

"ನೀವು ಬಂದ ದಿನವೇ ನಾನು ಹೇಳಬಹುದಿತ್ತು," ಎಂದಳು. "ಹೇಳಲಿಲ್ಲ. ಸಮುದ್ರಕ್ಕೆ ಹೆದರಿದವರನ್ನ ಕಂಡು ನಾನು ನಗೋದಿಲ್ಲ. ದಾಟುವಾಗ ನಾನೂ ಪ್ರತಿ ರಾತ್ರಿ ಹೆದರಿದ್ದೇನೆ."

ಹ್ಯಾಲೋ ಒಂದೇ ಬೂಟಿನಲ್ಲಿ ಎದ್ದು ನಿಂತ. ಎಲ್ಡ್ರಾ ಅವನ ತೋಳು ಹಿಡಿದಳು. ಠಾಣೆಯ ದಾರಿಯುದ್ದಕ್ಕೂ ಅವನಿಗೆ ಆಸರೆ ಕೊಟ್ಟೇ ನಡೆಸಿದಳು.

ಠಾಣೆಯಿಂದ ಅವಳು ಮರಳುವ ಹೊತ್ತಿಗೆ ಮಾಯೆಲ್‌ಳ ದೋಣಿಯನ್ನು ಮರಳಿನ ಮೇಲೆ ಓರೆಯಾಗಿ ಮಲಗಿಸಿದ್ದರು. ಪಂದ್ಯದ ಅಭ್ಯಾಸ ಬಿಟ್ಟು ಊರಿನ ಬಡಗಿಗಳೆಲ್ಲ ಬಂದಿದ್ದರು. ಕೆನ್ರಿಕ್ ಹೊಸ ಹಲಗೆಯನ್ನು ಒತ್ತಿಹಿಡಿದಿದ್ದ. ಬಾಯಿತುಂಬ ಮೊಳೆ ಕಚ್ಚಿಕೊಂಡು ಮಾಯೆಲ್ ಸುತ್ತಿಗೆ ಬೀಸುತ್ತಿದ್ದಳು.